ಕೆಳಗಿನ ಮನೆಯ ಕುಕ್ಕರ್

ನೆನೆದ ಅವರೆಕಾಳನ್ನು ಶ್ವೇತ ಒಂದೊಂದಾಗಿ ಹಿತುಕುತ್ತಿದ್ದಳು. ಅರ್ಧ ಪಾತ್ರೆಯೂ ಆಗಿರಲಿಲ್ಲ, ಫೋನ್ ಹೊಡೆದುಕೊಂಡಿತು. ಕೆಳಗಿನ ಮನೆಯಲ್ಲೂ ಹೊಡೆದುಕೊಂಡಿತು. ಲ್ಯಾಂಡ್‌ಲೈನ್‌ಗೆ ಬಂದ ಫೋನನ್ನು ಅತ್ತೆಯೇ ಎತ್ತುವುದು ರೂಢಿ. ಇವತ್ತು ಅತ್ತೆ ಮುನಿಲಕ್ಷ್ಮಮ್ಮ ಮೆಟ್ಟಿಲ ಬುಡದಿಂದ ಕೂಗಿದರು. "ಶ್ವೇತಾ, ನೀನೇ ಎತ್ಕೊಳ್ಳಮ್ಮ. ಹುಳಿಮಾವಿನೋರಿರ್ಬೇಕು. ನಿನ್ನತ್ರಾನೇ ಮಾತಾಡ್ಬೇಕು ಅಂತಿದ್ರು."

ಹುಳಿಮಾವಿನವರೆಂದರೆ ಮೈದುನ ನಂದಕುಮಾರನಿಗೆ ನೋಡಿದ್ದ ಹುಡುಗಿ ಮಧುಮತಿಯ ಕಡೆಯವರು. ಅವನಿಗಿದು ಎರಡನೇ ಮದುವೆ. ಬುಧವಾರವೇ ವೀಳ್ಯಶಾಸ್ತ್ರ.

ಶ್ವೇತ ಕೈ ಒರೆಸಿಕೊಂಡು ರಿಸೀವರ್ ಎತ್ತಿದಳು.

"ಮಧುಮತಿ ತಾಯಿ ಕಣಮ್ಮ ನಾನು. ಕೆಲಸದಲ್ಲಿದ್ರೇನೋ?"

"ಇಲ್ಲ, ಹೇಳಿ ಅಮ್ಮ."

"ಗಂಡಸ್ರು ವಿಚಾರಿಸಿದ್ದೆಲ್ಲಾ ಆಯ್ತು. ಅವ್ರು ವಿಚಾರಿಸೋದು ಏನು ಬಿಡಿ, ಎಷ್ಟು ಸೈಟಿದೆ, ಎಷ್ಟು ಮನೆ ಬಾಡಿಗೆಗಿದೆ ಅಂತ. ನಂಗೆ ಆ ಮನೇಲಿ ಬಾಳ್ತಿರೋ ಹೆಣ್ಣುಮಗಳ ಬಾಯಿಂದ ಒಂದು ಮಾತು ಕೇಳ್ಬೇಕು. ಮೊದಲನೇ ಹುಡುಗಿ ಯಾಕೆ ಹೋದ್ಲು?"

ಆಗ ಕೆಳಗಿನ ಮನೆಯ ಕುಕ್ಕರ್ ಕೂಗಿತು. ಮೆಟ್ಟಿಲ ಕಡೆಯಿಂದ ಕೇಳಿತು. ಅದಾಗಿ ಅರೆಕ್ಷಣಕ್ಕೆ ಅದೇ ಕೂಗು ರಿಸೀವರ್ ಒಳಗಿಂದಲೂ ಕೇಳಿತು.

ಶ್ವೇತಳ ಬೆನ್ನು ನೆಟ್ಟಗಾಯಿತು. ಕತ್ರಿಗುಪ್ಪೆಯ ಈ ಮನೆಯ ಮೂವತ್ತು ವರ್ಷದ ನಂಬರನ್ನು ಅತ್ತೆ ಬಿಡಲೊಪ್ಪದಿದ್ದುದರಿಂದ, ಗಂಡ ವೇಣು ಎರಡು ಪುಟ್ಟ ಪೆಟ್ಟಿಗೆ ತಂದಿದ್ದ. ಒಂದನ್ನು ಕೆಳಗೆ ಲ್ಯಾಂಡ್‌ಲೈನ್ ತಂತಿಗೆ, ಇನ್ನೊಂದನ್ನು ಮೇಲಿನ ಫೋನಿಗೆ ಸಿಕ್ಕಿಸಿ, ಮನೆಯ ಇಂಟರ್ನೆಟ್‌ನಿಂದ ಎರಡನ್ನೂ ಜೋಡಿಸಿದ್ದ. ಒಂದೇ ಲೈನು, ಎರಡು ಮನೆ. ಪೆಟ್ಟಿಗೆಗಳನ್ನು ದಾಟಿ ಬರುವಾಗ ಸದ್ದು ಚೂರು ತಡವಾಗುತ್ತದೆ. ಆ ತಡದಿಂದಲೇ ಅವಳಿಗೆ ಗೊತ್ತಾಯಿತು, ಕೆಳಗೆ ಅತ್ತೆಯೂ ರಿಸೀವರ್ ಎತ್ತಿದ್ದಾರೆ ಎಂದು. ಹುಳಿಮಾವಿಗೆ ಕಳಿಸಿದ್ದ ನಂದಕುಮಾರನ ಜಾತಕದ ಹಾಳೆಯಲ್ಲಿ ಯಾರ ಮೊಬೈಲ್ ನಂಬರೂ ಇಲ್ಲದೆ, ಈ ನಂಬರೊಂದೇ ಯಾಕೆ ಇತ್ತು ಎಂಬುದೂ ಈಗ ಗೊತ್ತಾಯಿತು.

"ಕುಕ್ಕರ್ ಕೂಗ್ತಿದೆ, ಒಲೆ ಕಡೆ ನೋಡ್ಬೇಕೇನೋ ನೀವು?"

"ನಮ್ದಲ್ಲಮ್ಮ ಅದು," ಶ್ವೇತ ಒಂದೊಂದೇ ಮಾತನ್ನು ಎತ್ತಿಟ್ಟಂತೆ ಹೇಳಿದಳು. "ಕೆಳಗಿನ ಮನೇದು."

"ಅಬ್ಬಾ! ಪಕ್ಕದಲ್ಲೇ ಇದ್ದಂಗೆ ಕೇಳಿಸ್ತಲ್ಲ!" ಆ ಹೆಂಗಸು ನಕ್ಕಳು. ಅವಳಿಗೆ ಸುಳಿವು ತಿಳಿಯಲಿಲ್ಲ. "ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹುಡುಗ ಕೈ ಮಾಡ್ತಾನಾ?"

ಮೊದಲನೆಯವಳು ಎಂಟು ತಿಂಗಳು ಇದ್ದಳು. ತವರಿಗೆ ಹೊರಟ ದಿನ ಎಡಗಡೆ ನಿಂತು ಮಾತಾಡಿಸಿದರೆ ಅವಳಿಗೆ ಕೇಳಿಸುತ್ತಿರಲಿಲ್ಲ. ಅದಕ್ಕೆ ಹಿಂದಿನ ಸಂಜೆ ಕೆಳಗಿನಿಂದ ಸದ್ದು ಬಂದಾಗ ಶ್ವೇತ ಎದ್ದು ಬಾಗಿಲು ಹಾಕಿಕೊಂಡಿದ್ದಳು. ವೇಣು ಟಿವಿ ಸ್ವಲ್ಪ ಜೋರು ಮಾಡಿದ್ದ. ವೇಣು ಯಾವತ್ತೂ ಕೈ ಎತ್ತಿದವನಲ್ಲ. ಯಾರ ಕೈಯನ್ನೂ ತಡೆದವನೂ ಅಲ್ಲ.

"ಇಲ್ಲಮ್ಮ," ಎಂದಳು. "ಹೊಂದಾಣಿಕೆ ಆಗ್ಲಿಲ್ಲ, ಅಷ್ಟೇ."

"ಈ ಒಂದು ಮಾತು ಸಾಕು ಕಣಮ್ಮ. ಬನಶಂಕರಮ್ಮಂಗೆ ಒಂಬತ್ತು ಮಂಗಳವಾರ ನಿಂಬೆಹಣ್ಣಿನ ದೀಪ ಹಚ್ತೀನಿ ಅಂತ ಹೊತ್ಕೊಂಡಿದ್ದೆ. ನಾಳೆ ಕೊನೇದು, ಮಧುನೂ ಬರ್ತಾಳೆ. ಮೂರಕ್ಕೆ ರಾಹುಕಾಲ ಶುರು ಅಲ್ವಾ, ಅಷ್ಟೊತ್ತಿಗೆ ದೇವಸ್ಥಾನದಲ್ಲಿರ್ತೀವಿ. ಇನ್ನು ನಿಶ್ಚಿಂತೆಯಾಗಿ ಹಚ್ತೀನಿ. ಅವಳನ್ನ ನಿಮ್ಮ ಮಡಿಲಿಗೆ ಹಾಕ್ತಿದ್ದೀನಿ ಅಂದ್ಕೊಳ್ಳಿ, ಅಕ್ಕನ ಥರ ನೋಡ್ಕೊಳ್ಳಿ."

ಫೋನ್ ಇಟ್ಟ ಸದ್ದು ಎರಡು ಸಲ ಕೇಳಿತು.

ಮಂಡಿನೋವಿನ ಅತ್ತೆ ಕಂಬಿ ಹಿಡಿದುಕೊಂಡು ಮೇಲೆ ಬಂದರು. ಕದ್ದು ಕೇಳಿದೆನೆಂಬ ಅಳುಕು ಅವರಲ್ಲಿರಲಿಲ್ಲ. ಶ್ವೇತಳ ಎದುರಿಗೆ ಕುಕ್ಕರಿಸಲಾಗದೆ ಮಣೆ ಎಳೆದುಕೊಂಡು ಕೂತು, ಪಾತ್ರೆಗೆ ಕೈ ಹಾಕಿ ತಾವೂ ಕಾಳು ಹಿತುಕತೊಡಗಿದರು.

"ಚೆನ್ನಾಗೇ ಮಾತಾಡ್ದೆ. 'ಕೈ ಮಾಡ್ತಾನಾ' ಅಂದಾಗ ಮಾತ್ರ ತಡವರಿಸ್ದೆ. ಇನ್ನೊಂದ್ಸಲ ಯಾರಾದ್ರೂ ಕೇಳಿದ್ರೆ ಹಂಗೆ ನಿಲ್ಲಿಸ್ಬೇಡ."

"ಅತ್ತೆ, ಆ ಹುಡುಗಿಗಿನ್ನೂ ಇಪ್ಪತ್ಮೂರು."

"ನಾನು ಬಂದಾಗ ನಂಗೆ ಹದಿನಾರು." ಮುನಿಲಕ್ಷ್ಮಮ್ಮ ತಲೆ ಎತ್ತಲಿಲ್ಲ. "ನಿಮ್ಮಾವ ಇದೇ ಮೆಟ್ಟಿಲ ಮೇಲಿಂದ ತಳ್ಳಿದ್ರು. ಯಾವಳಾದ್ರೂ ಮೊದಲೇ ಬಂದು ನಂಗೆ ಹೇಳಿದ್ಲಾ? ಬಾಳ್ಲಿಲ್ವಾ ನಾನು? ಇಬ್ರು ಗಂಡುಮಕ್ಕಳನ್ನ ಸಾಕ್ಲಿಲ್ವಾ?"

ಶ್ವೇತ ಅವರ ಬೆರಳುಗಳನ್ನೇ ನೋಡುತ್ತಿದ್ದಳು. ಎಷ್ಟು ಸಲೀಸಾಗಿ ಒತ್ತುತ್ತಿದ್ದವು. ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಜಾರಿ ಬೀಳುತ್ತಿತ್ತು.

"ನಾಳೆ ಮಧ್ಯಾಹ್ನ ಮಲಗೋ ಮುಂಚೆ ಬುಧವಾರದ ಅಡಿಗೆ ಲೆಕ್ಕ ಹಾಕೋಣ," ಎನ್ನುತ್ತಾ ಅತ್ತೆ ಎದ್ದರು. "ಊಟ ಆದ್ಮೇಲೆ ನಂಗೆ ನಾಲ್ಕೂವರೆವರೆಗೂ ಎಚ್ಚರ ಇರಲ್ಲ, ಗೊತ್ತಲ್ಲ ನಿಂಗೆ."

"ಗೊತ್ತು ಅತ್ತೆ."

ಅವರ ಹೆಜ್ಜೆ ಕೊನೆಯ ಮೆಟ್ಟಿಲು ಇಳಿಯುವವರೆಗೂ ಕಾದಳು. ಆಮೇಲೆ ಮೊಬೈಲ್‌ನಲ್ಲಿ ವೇಣು ಕಳಿಸಿದ್ದ ಹುಡುಗಿಯ ಫೋಟೊ ತೆರೆದು, ಹಣೆ, ಹುಬ್ಬು, ನಗುವಾಗ ಒಂದು ಕಡೆಗೆ ವಾಲುವ ತುಟಿ, ಎಲ್ಲವನ್ನೂ ನೋಡಿದಳು. ನಾಳೆ ಮೂರಕ್ಕೆ, ದೀಪದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ನೂರಾರು ಹೆಂಗಸರ ನಡುವೆಯೂ ತಟ್ಟನೆ ಗುರುತು ಸಿಗಬೇಕು, ಅಷ್ಟು ಹೊತ್ತು ನೋಡಿದಳು.