ನಲವತ್ತರ ಮುಳ್ಳು

"ಬ್ರೇಕ್ ಅಷ್ಟೇ ನೋಡಿ. ಮೀಟರ್ ಮುಟ್ಟಬೇಡಿ."

ಜೀಪಿನ ಅಡಿಯಿಂದ ಮೆಕ್ಯಾನಿಕ್ ತಲೆ ಹೊರಹಾಕಿದ. ನಾಲ್ಕೂ ಟೈರು ಹೊಸವು, ಮೊದಲಿನದಕ್ಕಿಂತ ದೊಡ್ಡವು. ದೊಡ್ಡ ಟೈರು ಹಾಕಿದ ಮೇಲೆ ಗಾಡಿ ಓಡುವುದು ಜಾಸ್ತಿ, ಮೀಟರಿನ ಮುಳ್ಳು ತೋರಿಸುವುದು ಕಮ್ಮಿ. ಒಮ್ಮೆ ಸ್ಪೀಡಿಗೆ ದಂಡ ಕಟ್ಟಿದವರು ಮೀಟರ್ ಸರಿಮಾಡಿಕೊಡಿ ಎಂದು ಓಡಿಬರುತ್ತಾರೆ. ಜೀಪು ತಂದ ಈ ಹೆಂಗಸು ಬೇಡ ಎನ್ನುತ್ತಿದ್ದಾಳೆ.

"ಗೇರ್‌ಬಾಕ್ಸ್ ಹತ್ರ ಒಂದು ಚಿಕ್ಕ ಹಲ್ಲುಚಕ್ರ ಬದಲಾಯಿಸಿದ್ರೆ ಆಯ್ತು ಅಕ್ಕಾ. ಟೀ ಕುಡಿಯೋಷ್ಟರಲ್ಲಿ ಮುಗಿಯುತ್ತೆ."

"ಬೇಡ ಅಂದ್ನಲ್ಲ."

ಏನೋ ಮಸಲತ್ತು ಇದೆ ಅಂದುಕೊಂಡ. ಓಡಿದ್ದು ಕಮ್ಮಿ ತೋರಿಸಿ ಗಾಡಿ ಮಾರುವ ಉಪಾಯವೇ? ಅಂಥವರನ್ನು ಕಂಡು ಕಂಡು ಅವನಿಗೆ ಸಾಕಾಗಿತ್ತು. ಆದರೆ ಇವಳದು ಮೋಸಗಾರ್ತಿಯ ಮುಖವಲ್ಲ. ರಾತ್ರಿಯಿಡೀ ನೂಲಿನ ಗಿರಣಿಯಲ್ಲಿ ನಿಂತು ಬಂದ ಮುಖ. ಕೆಂಡದಂಥ ಕಣ್ಣು, ಕೂದಲ ತುಂಬ ಹತ್ತಿಯ ಎಳೆ.

ಮುಂದಿನ ಸೀಟಿನಲ್ಲಿ ಅವಳ ಮಾವ ಕೂತಿದ್ದ. ಮೆಕ್ಯಾನಿಕ್ ಅವನತ್ತ ನೋಡಿ ನಕ್ಕ. ಮುದುಕ ನಗಲಿಲ್ಲ, ತಿರುಗಲೂ ಇಲ್ಲ. ಅಬ್ಬಾ, ಜಂಬವೇ!

ಬ್ರೇಕ್ ಪರೀಕ್ಷೆಗೆಂದು ಒಂದು ಸುತ್ತು ಹೊರಟರು. ಓಡಿಸುವವಳು ಅವಳು, ಪಕ್ಕದಲ್ಲಿ ಮಾವ, ಹಿಂದೆ ಮೆಕ್ಯಾನಿಕ್. ಪೇಟೆಯಲ್ಲಿ ಬಸ್ಸು, ಸೈಕಲ್ಲು, ತಳ್ಳುಗಾಡಿ ಎಲ್ಲ ಮೈಮೇಲೆ ಬಂದರೂ ಮುದುಕ ತುಟಿಪಿಟಕ್ಕೆನ್ನಲಿಲ್ಲ. ಊರಾಚೆಯ ನೇರ ರಸ್ತೆ ಸಿಕ್ಕಿತು. ಒಂದು ನರಪಿಳ್ಳೆಯೂ ಇರಲಿಲ್ಲ.

"ನಿಧಾನ! ಎಷ್ಟಾಯ್ತು?"

"ಮೂವತ್ತೈದು ಮಾವ. ನೀವೇ ನೋಡಿ."

"ನಲವತ್ತು ದಾಟಿದ್ಯೋ ನಾನು ಇಳಿದುಬಿಡ್ತೀನಿ! ವಿಮಾನ ಅಂದ್ಕೊಂಡಿದೀಯಾ ಇದನ್ನ?"

ಮೆಕ್ಯಾನಿಕ್‌ನ ಫೋನು ಗಾಡಿಯ ನಿಜವಾದ ವೇಗ ಆಗಲೇ ನಲವತ್ತು ಎಂದು ತೋರಿಸುತ್ತಿತ್ತು. ಅವಳು ಬ್ರೇಕಿನ ಬಗ್ಗೆ ಏನೋ ಕೇಳಿದಳು, ಅವನು ವಿವರಿಸಿದ. ಅಷ್ಟು ಹೊತ್ತು ಶಾಂತಿ. ಮಾತು ನಿಂತದ್ದೇ ತಡ, ಮುದುಕ ಮತ್ತೆ ಗುಡುಗಿದ. ಅವಳು ಹಲ್ಲು ಕಚ್ಚಿದಳು. ಮೆಕ್ಯಾನಿಕ್ ಮನಸ್ಸಿನಲ್ಲೇ ಅವನಿಗೆ ಬ್ರೇಕಪ್ಪ ಎಂದು ಹೆಸರಿಟ್ಟ.

ಗ್ಯಾರೇಜಿಗೆ ಮರಳಿ, ಮಾವನನ್ನು ಜೀಪಿನಲ್ಲೇ ಬಿಟ್ಟು, ದೂರದ ಬೆಂಚಿನ ಮೇಲೆ ಕುಸಿದು ಕೂತಾಗ ಅವಳ ಕಟ್ಟೆಯೊಡೆಯಿತು.

"ಶಿಫ್ಟ್ ಮುಗಿಸಿ ಸೀದಾ ಇವರನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ತೀನಿ. ಮೊದಲು ನನ್ನ ಗಂಡ ಹೋಗ್ತಿದ್ರು. ಹಾಗೆ ಹೋಗ್ತಾನೇ ಆ ರಸ್ತೇಲಿ ಕಂಬಕ್ಕೆ ಹೊಡೆದು ಸತ್ರು. ಮಾವ ಹೆಂಗೋ ಉಳ್ಕೊಂಡ್ರು. ಸ್ಪೀಡು ಅಂದ್ರು ಜನ. ಅವತ್ತಿಂದ ಇವರಿಗೆ ನಲವತ್ತರ ಭೂತ. ಟೈರು ದೊಡ್ಡದಾದ್ರೆ ಮುಳ್ಳು ಕೆಳಗಿರುತ್ತೆ ಅಂದ ಅಂಗಡಿಯವನು. ಹಾಕಿಸ್ದೆ. ಬೇಗ ಮನೆ ಸೇರಿ ಒಂದು ಗಳಿಗೆ ಕಣ್ಣು ಮುಚ್ಚೋಣ ಅಂತ. ಆದ್ರೂ ಆ ಬಾಯಿ ನಿಂತಿಲ್ಲ. ಇನ್ನು ನನ್ನ ಕೈಲಾಗಲ್ಲ. ಹೀಗೇ ಆದ್ರೆ ನಾದಿನಿ ಮನೆಗೆ ಬಿಟ್ಟುಬರ್ತೀನಿ. ಅವಳು ಹೇಗೆ ನೋಡ್ಕೋತಾಳೆ ಅಂತ ಗೊತ್ತು. ಗೊತ್ತಿದ್ದೂ ಬಿಡ್ತೀನಿ."

ಮೆಕ್ಯಾನಿಕ್‌ಗೆ ಅಯ್ಯೋ ಅನ್ನಿಸಿತು. ಮೋಸಗಾರ್ತಿ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

"ಅವರನ್ನ ಹಿಂದಿನ ಸೀಟಲ್ಲಿ ಕೂರಿಸಿ ಅಕ್ಕಾ. ಮುಳ್ಳು ಕಾಣದಿದ್ರೆ ಬಾಯಿ ತಾನಾಗೇ ಮುಚ್ಚುತ್ತೆ. ಮೀಟರ್ ನಾನು ಸರಿಮಾಡ್ತೀನಿ, ನೀವು ನಿಜ ನೋಡ್ಕೊಂಡು ಓಡಿಸಿ."

ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂಬಂತೆ ಅವಳು ನೋಡಿದಳು. "ನಿಮ್ಮ ಬಾಯಿಗೆ ಸಕ್ಕರೆ ಹಾಕ. ಹಾಗೇ ಮಾಡಿ."

ಮೆಕ್ಯಾನಿಕ್ ಹಲ್ಲುಚಕ್ರ ಬದಲಾಯಿಸಿ ಮುಗಿಸಿದಾಗ ಅವಳು ಮುಖ ತೊಳೆಯಲು ಹಿತ್ತಲಿನ ನಲ್ಲಿಗೆ ಹೋದಳು. ಅವನು ಕೈ ಒರೆಸಿಕೊಂಡು ಮುದುಕನ ಬಾಗಿಲು ತೆರೆದ.

"ಬನ್ನಿ ಯಜಮಾನ್ರೇ, ಹಿಂದೆ ಆರಾಮಾಗಿ ಕೂತ್ಕೊಳ್ಳಿ."

"ನಾನು ಇಲ್ಲಿಂದ ಏಳಲ್ಲ."

"ಹಿಂದೆ ಕೂತ್ರೆ ಮುಳ್ಳು ಕಾಣಲ್ಲ ಅಂತ ತಾನೇ?" ಅವನಿಗೆ ರೇಗಿತು. "ಪಾಪ, ಆ ಹೆಣ್ಣುಮಗಳ ಜೀವ ಯಾಕೆ ತಿಂತೀರಾ? ರೋಸಿಹೋಗಿ ನಿಮ್ಮನ್ನ ಮಗಳ ಮನೆಗೆ ಸಾಗಹಾಕ್ತಾರಂತೆ, ಗೊತ್ತಾ?"

ಮುದುಕ ನಲ್ಲಿಯ ಕಡೆಗೆ ಕಿವಿಗೊಟ್ಟ. ನೀರು ಇನ್ನೂ ಬೀಳುತ್ತಿತ್ತು. ದನಿ ತಗ್ಗಿಸಿದ.

"ಇಲ್ಲಿ ಕೂತ್ರೂ ಕಾಣಲ್ಲಪ್ಪ. ಬೆಳಕು ಯಾವುದು, ಬಾಗಿಲು ಯಾವುದು, ಅಷ್ಟು ತಿಳಿಯುತ್ತೆ. ಅವಳಿಗೆ ಹೇಳಿಲ್ಲ. ಇರೋ ಭಾರಾನೇ ಸಾಕು ಅವಳಿಗೆ."

"ಮತ್ತೆ ನಲವತ್ತು, ನಲವತ್ತು ಅಂತ..."

"ನನ್ನ ಮಗ ಸ್ಪೀಡಲ್ಲಿ ಹೋಗಿ ಸತ್ತಿದ್ದಲ್ಲ. ಪಕ್ಕದಲ್ಲೇ ಇದ್ದೆನಲ್ಲ ನಾನು. ರಾತ್ರಿಯೆಲ್ಲ ದುಡಿದು ಬಂದಿದ್ದ, ಸ್ಟೀರಿಂಗ್ ಹಿಡ್ಕೊಂಡೇ ನಿದ್ದೆಹೋದ." ಮುದುಕ ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಮಗಳ ಮನೆಗೆ ಕಳಿಸೋದಾದ್ರೆ ಕಳಿಸ್ಲಿ. ಅಲ್ಲೀವರೆಗೂ ಇವಳ ಪಕ್ಕ ಕೂತು ಬೈತೀನಿ."

ನಲ್ಲಿ ನಿಂತಿತು.

"ಸಿಟ್ಟು ಬಂದೋರಿಗೆ ನಿದ್ದೆ ಬರಲ್ಲಪ್ಪ."