ಮೂರನೇ ಕಾರ್ಡು

ಹಿಟ್ಟಿನ ಗಿರಣಿಯ ಹಳೇ ಸೀಮೆಎಣ್ಣೆ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಜೋಡಿ ಪಾಯಿಂಟ್ ಉಜ್ಜಲು ಬಂದ ಮುದ್ದಪ್ಪ ಮುಚ್ಚಳ ತೆಗೆದವನೇ ಕೆಂಡವಾದ.

"ಯಾವ ಕತ್ತೆ ಇದಕ್ಕೆ ಕೈ ಹಾಕಿದ್ದು? ಒಂದು ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು ಬಿಟ್ಟು ಹೋಗಿದ್ದೆ. ಈಗ ಎರಡು ತೂರುತ್ತೆ!"

"ಅದರಿಂದೇನಣ್ಣ?" ಗಿರಣಿಯವನ ಹೆಂಡತಿ ಸೆರಗನ್ನು ಕೆನ್ನೆಗೆ ಎಳೆದುಕೊಂಡಳು.

"ಏನಾ? ಕಿಡಿ ಮೊದಲೇ ಹಾರಿ, ಎಂಜಿನ್ ಸ್ಟಾರ್ಟ್ ಮಾಡೋ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತೆ. ತಿರುಗಿಸಿದ ನಿನ್ನ ಗಂಡನ ಕೈಮೂಳೆ ಪುಡಿಪುಡಿ! ಹೋದ ಸಲ ನಿನ್ನೆದುರಿಗೇ ಹೇಳಿದ್ದೆ. ತಲೇಲಿ ಹೊಟ್ಟು ತುಂಬಿದೆಯಾ?"

"ನೆನಪಿದೆ."

"ಮತ್ತೆ?"

ಅವಳು ಸೆರಗು ಸರಿಸಿದಳು. ಕೆನ್ನೆಯ ಮೇಲೆ ನಾಲ್ಕು ಬೆರಳು ಕಪ್ಪಾಗಿ ಮೂಡಿದ್ದವು.

"ಇದನ್ನು ಮಾಡಿದ ಕೈಲೇ ಅವರು ಹ್ಯಾಂಡಲ್ ತಿರುಗಿಸೋದು."

ಮುದ್ದಪ್ಪ ಸ್ಕ್ರೂಡ್ರೈವರ್ ಎತ್ತಿಕೊಂಡ. ಮೂರನೇ ಕಾರ್ಡು ತೂರುವಷ್ಟು ಸಂದು ಅಗಲಿಸಿ, ಮುಚ್ಚಳ ಬಿಗಿದ.