ಸುಸ್ತಾದ ಬಟಾಣಿ

ಬಟಾಣಿ ಬಳ್ಳಿ ಕುಡಿ ಚಾಚುವ ಮೊದಲೇ ಕಳೆ ಔಷಧಿ ಹೊಡೀಬೇಕು, ಆದರೆ ಪೈರು ಸುಸ್ತಾಗಿದ್ದ ದಿನ ಮುಟ್ಟಬಾರದು ಎಂದು ಅಂಗಡಿಯವನು ಹೇಳಿದ್ದ. ಅದನ್ನು ಪಿಳ್ಳಪ್ಪ ಮನೆಗೆ ಬಂದು ಹೆಂಡತಿಗೆ ಒಪ್ಪಿಸಿದ. ಅವನು ಮಾಡಿದ ತಪ್ಪು ಅದೊಂದೇ.

ಮಾರನೆಯ ಬೆಳಿಗ್ಗೆ ಅವನು ಪಂಪು ಬೆನ್ನಿಗೇರಿಸುವಷ್ಟರಲ್ಲಿ ಆಂಜಿನಮ್ಮ ಹತ್ತು ಗುಂಟೆ ಹೊಲ ಸುತ್ತಿ, ಮಡಿಲು ಕಟ್ಟಿಕೊಂಡು ಎದುರು ಬಂದಳು.

"ಥಂಡಿಗೆ ಪೈರು ಮುದುಡಿದೆ. ಇವತ್ತು ಬೇಡಿ."

ಮೂರನೇ ದಿನ, "ಬಿಸಿಲಿಗೆ ಬಾಡಿದೆ, ಪಾಪ."

ಐದನೇ ದಿನ, "ನೀರು ಹೆಚ್ಚಾಗಿ ಹಳದಿಗೆ ತಿರುಗಿದೆ."

"ನನಗೆ ಜ್ವರ ಬಂದಾಗಲೂ ನೀನು ಇಷ್ಟು ನೋಡಿಕೊಂಡಿಲ್ಲ ಕಣೇ," ಎಂದ ಪಿಳ್ಳಪ್ಪ.

"ನೀವು ಕಾಯಿ ಬಿಡ್ತೀರಾ?"

ಹೊಲದವರೆಗೆ ಹೋಗಿ ನೋಡೋಣವೆಂದರೆ ಅವನಿಗೂ ಚಳಿ. ಜಗಳ ಆಡೋಣವೆಂದರೆ ಅದಕ್ಕೂ ಮನಸ್ಸು ಬರಲಿಲ್ಲ, ಏಕೆಂದರೆ ಆ ವಾರವೆಲ್ಲ ದಿನಾ ಮುದ್ದೆಗೆ ಬೆರಕೆ ಸೊಪ್ಪಿನ ಮಸ್ಸೊಪ್ಪು, ಅದೂ ಅವನ ಅವ್ವನ ಕಾಲದ ರುಚಿ. ಅಕ್ಕಪಕ್ಕದ ಮನೆಗಳಿಂದಲೂ ಅದೇ ಘಮ ಬರುತ್ತಿತ್ತು.

ಎಂಟನೇ ದಿನ ಊಟಕ್ಕೆ ಕೂತಾಗ ಆಂಜಿನಮ್ಮ ಹೇಳಿದಳು, "ಬಳ್ಳಿ ಕುಡಿ ಚಾಚಿದೆ. ಇನ್ನು ಔಷಧಿ ಹೊಡೆಯೋ ಹಾಗಿಲ್ಲ."

ಪಿಳ್ಳಪ್ಪನ ಕೈಯಲ್ಲಿ ಮುದ್ದೆ ಹಾಗೇ ನಿಂತಿತು. "ಸರಿಹೋಯ್ತು. ಹೊಲದ ತುಂಬಾ ಇರೋ ಕಳೆಗೆ ಈಗ ಏನು ಮಾಡ್ತೀಯ?"

ಅವಳು ಪಾತ್ರೆ ಬಗ್ಗಿಸಿ ತಳದಲ್ಲಿದ್ದ ಸೊಪ್ಪನ್ನೆಲ್ಲ ಅವನ ತಟ್ಟೆಗೆ ಬಳಿದಳು.

"ಆ ಕಳೇಲಿ ಉಳಿದಿರೋದು ಇಷ್ಟೇ. ತಿಂದು ಮುಗಿಸಿ."